ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಲಸಿಕೆ ಇಟ್ಟುಕೊಳ್ಳಿ

ನೆರೆ ಅಂದರೆ ಬೇರೆ ಜಿಲ್ಲೆಯವರ ಪಾಡು ಅಂತ ಚಿಕ್ಕಬಳ್ಳಾಪುರದ ಕಡೆಯವರು ನಿಶ್ಚಿಂತೆಯಾಗಿದ್ದೆವು. 2021ರ ನವೆಂಬರ್ ಮಳೆಗೆ ನಮ್ಮ ಕೆರೆಗಳೂ ಕೋಡಿ ಬಿದ್ದವು, ಮನೆಗಳಿಗೆ ನೀರು ನುಗ್ಗಿತು. ಮತ್ತೊಮ್ಮೆ ಹಾಗಾದರೆ ಶಾಲೆಯಲ್ಲೋ ಕಲ್ಯಾಣಮಂಟಪದಲ್ಲೋ ಕಾಳಜಿ ಕೇಂದ್ರ ತೆರೆಯುತ್ತಾರೆ. ಅನ್ನ, ಸಾರಿನ ಕೊರತೆ ಆಗಲ್ಲ, ಅದರಲ್ಲಿ ನಮ್ಮವರು ಗಟ್ಟಿ. ನನ್ನ ಚಿಂತೆ ಲಸಿಕೆಯದು.

ನಾನು ಈಗಿರುವುದು ಕೇರಳದ ಆಲಪ್ಪುಳದಲ್ಲಿ. 2018ರ ಆಗಸ್ಟ್ ನೆರೆಯಲ್ಲಿ ಈ ರಾಜ್ಯದ ಶಿಬಿರಗಳಲ್ಲಿ 10 ಲಕ್ಷಕ್ಕೂ ಜಾಸ್ತಿ ಜನ ಇದ್ದರು. ಆಗ ಇಲ್ಲಿನವರಿಗೆ ದೊಡ್ಡ ಭಯ ಇಲಿ ಜ್ವರ. ಅದಕ್ಕೆ ದೊಡ್ಡವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್. ಅದು ಮಾತ್ರೆ, ಲಸಿಕೆ ಅಲ್ಲ, ನಿಜ. ಆದರೆ ಹಂಚಿದ ರೀತಿ ನೋಡಬೇಕಿತ್ತು. ಆಶಾ ಕಾರ್ಯಕರ್ತೆ ಚಾಪೆಯಿಂದ ಚಾಪೆಗೆ ಹೋಗಿ, ಮಾತ್ರೆ ಕೈಗೆ ಕೊಟ್ಟು, ನುಂಗುವ ತನಕ ನಿಂತು, ಆಮೇಲೆ ಹೆಸರಿನ ಮುಂದೆ ಗುರುತು ಹಾಕುತ್ತಿದ್ದರು. ಮೈಕ್ ಇಲ್ಲ, ಶಾಮಿಯಾನ ಇಲ್ಲ.

ನಮ್ಮಲ್ಲಿ ಯಾವ ಕ್ಯಾಂಪ್ ಆದರೂ ಬೆಳಿಗ್ಗೆ ಹತ್ತಕ್ಕೆ ಅಂತಾರೆ, ಮುಖ್ಯ ಅತಿಥಿ ಬರುವಷ್ಟರಲ್ಲಿ ಹನ್ನೆರಡು. ಆ ಹೊತ್ತಿಗೆ ಕೇಂದ್ರದಲ್ಲಿ ಇರುವವರು ಯಾರು? ಅಜ್ಜ, ಅಜ್ಜಿ. ಅಮ್ಮಂದಿರು ಕಂಕುಳಲ್ಲಿ ಕೂಸು ಇಟ್ಟುಕೊಂಡು ಹಸು ನೋಡಲು, ರೇಷ್ಮೆ ಹುಳಕ್ಕೆ ಸೊಪ್ಪು ಹಾಕಲು ಊರಿಗೆ ಹೋಗಿರುತ್ತಾರೆ. ಸಂಜೆ ಡೇರಿಗೆ ಹಾಲು ಹಾಕಿಯೇ ವಾಪಸ್. ಅದಕ್ಕೇ ಸಂಜೆ ಏಳಕ್ಕೆ, ಊಟಕ್ಕೆ ಮುಂಚೆ ಲಸಿಕೆ ಇಟ್ಟುಕೊಳ್ಳಿ ಅನ್ನುವುದು. ಜನರೇಟರ್ ಇರಲಿ.

ಜನ ಒತ್ತೊತ್ತಾಗಿ ಮಲಗುವ ಕಡೆ ಮೊದಲು ಹುಷಾರಾಗಿರಬೇಕಾದ್ದು ದಡಾರದ ಬಗ್ಗೆ. ಎಷ್ಟು ಮಕ್ಕಳಿಗೆ ಲಸಿಕೆ ಆಗಿದೆ ಅಂತ ಗೊತ್ತಿಲ್ಲದಿದ್ದರೆ, ಶಿಬಿರದಲ್ಲಿ 6 ತಿಂಗಳಿಂದ 15 ವರ್ಷದವರೆಗೆ ಎಲ್ಲರಿಗೂ ಹಾಕಿ ಅನ್ನುವುದು ಜಗತ್ತಿನಾದ್ಯಂತ ಒಪ್ಪಿದ ಕ್ರಮ. ತಾಯಿ ಕಾರ್ಡ್ ನೀರು ಪಾಲಾಗಿದ್ದರೂ ಚಿಂತೆಯಿಲ್ಲ, ಇನ್ನೊಮ್ಮೆ ಹಾಕಿದರೆ ತೊಂದರೆ ಇಲ್ಲ. 9 ತಿಂಗಳೊಳಗೆ ಹಾಕಿದ್ದು ಮಾತ್ರ ಲೆಕ್ಕಕ್ಕಿಲ್ಲ, ಆಮೇಲೆ ಮತ್ತೆ ಹಾಕಿಸಬೇಕು. ಈ ಲಸಿಕೆಯ ಪುಡಿಗೆ ನೀರು ಬೆರೆಸಿದರೆ ಆಯಸ್ಸು 4 ಗಂಟೆ, ಅದೂ ತಣ್ಣಗಿದ್ದರೆ. ಅತಿಥಿಗಾಗಿ ಕಾಯುತ್ತಾ ಸೀಸೆ ತೆರೆದಿಟ್ಟರೆ ಎಲ್ಲಾ ಚರಂಡಿಗೆ.

ಇನ್ನು ನೆರೆ ಬಂತು ಅಂದ ಕೂಡಲೇ ಎಲ್ಲರಿಗೂ ಧನುರ್ವಾಯುವಿನ ಟಿ.ಟಿ. ಹೊಡೆಸುವ ಚಟ ಬಿಡಬೇಕು. ಅದು ಗಾಯ ಆದವರಿಗೆ, ಹಿಂದಿನ ಡೋಸ್ ಹಳೆಯದಾಗಿದ್ದರೆ ಸಾಕು.

ಲಸಿಕೆ ಹಾಕಬೇಕಾದವರ ಪಟ್ಟಿ ಯಾರು ಬರೆಯೋದು? ನನ್ನ ಪ್ರಕಾರ ಡೇರಿ ಸೆಕ್ರೆಟರಿ. ಯಾವ ಮನೆಯಲ್ಲಿ ಎಷ್ಟು ಜನ, ಯಾವ ಸೊಸೆ ತವರಿಗೆ ಹೋಗಿದ್ದಾಳೆ, ಎಲ್ಲಾ ಅವರಿಗೆ ಬಾಯಿಪಾಠ. ಬಾಗೇಪಲ್ಲಿ ಕಡೆ ತೆಲುಗಲ್ಲೂ ಕೂಗಿ ಹೇಳಬೇಕು, ಸುಮ್ನೆ ಕನ್ನಡದ ಬ್ಯಾನರ್ ಕಟ್ಟಿದರೆ ಅರ್ಧ ಜನಕ್ಕೆ ತಲುಪಲ್ಲ.

ಅಜ್ಜಿಯರು ಗಲಾಟೆ ಮಾಡೇ ಮಾಡುತ್ತಾರೆ. "ಮೊದಲೇ ಮಗೀಗೆ ಚಳಿ, ಇದರ ಮೇಲೆ ಸೂಜಿ ಬೇರೆನಾ?" ಅವರ ಮೇಲೆ ರೇಗಬಾರದು. ಸಣ್ಣ ನೆಗಡಿಗೆ ಲಸಿಕೆ ತಪ್ಪಿಸಬೇಕಿಲ್ಲ ಅಂತ ಹೇಳಬೇಕು. ದಡಾರದ ಲಸಿಕೆಗೆ ಜ್ವರ, ಸಣ್ಣ ಗುಳ್ಳೆ ಬಂದರೆ ಒಂದು ವಾರ ಕಳೆದ ಮೇಲೆ ಬರೋದು, ಅಷ್ಟರಲ್ಲಿ ಅವರು ಮನೆಗೆ ಹೋಗಿರುತ್ತಾರೆ. ಆದ್ದರಿಂದ ಚೀಟಿ ಕೊಟ್ಟು ಕಳಿಸಿ, ಪಟ್ಟಿಯ ಒಂದು ಪ್ರತಿ ಅವರ ಊರಿನ ಆಶಾ ಕಾರ್ಯಕರ್ತೆಗೂ ಸೇರಲಿ. ಕೇಂದ್ರ ಮುಚ್ಚಿದ ದಿನವೇ.