ಟೆಲಿಸ್ಕೋಪಿಗೆ ಕಣ್ಣಿಟ್ಟು ಕೂರುವ ಕಾಲ ಹೋಯ್ತು
ಖಗೋಳ ವಿಜ್ಞಾನಿಗಳು ರಾತ್ರಿಯಿಡೀ ಟೆಲಿಸ್ಕೋಪಿಗೆ ಕಣ್ಣಿಟ್ಟು ಕೂರುತ್ತಾರೆ ಎಂದು ಬರೆದಿದ್ದೀರಿ. ಇದೊಂದು ಒಪ್ಪಲಾಗಲಿಲ್ಲ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ನಮ್ಮ ಹೊಸಕೋಟೆಯಲ್ಲಿ ಕೂತೇ ಉಪಗ್ರಹದ ಮೂಲಕ ನಡೆಸುತ್ತಾರೆ. ಅದರಲ್ಲಿ ನೋಡೋ ಅವಕಾಶವೂ ಸುಮ್ನೆ ಸಿಗಲ್ಲ, ಏನು ನೋಡಬೇಕು, ಯಾಕೆ ಎಂದು ಮೊದಲೇ ಅರ್ಜಿ ಹಾಕಬೇಕು. ಮೋಡ ಬಂತೋ, ಆ ರಾತ್ರಿ ಹೋದಂತೆ.

ನನ್ನ ಅಕ್ಕನ ಮಗಳು ಇದರಲ್ಲೇ ಪಿಎಚ್‌ಡಿ ಮಾಡುತ್ತಿದ್ದಾಳೆ. ದೀಪಾವಳಿಗೆ ಬಾಗಲಕೋಟೆಗೆ ಬಂದಾಗಲೂ ಒಂದು ಕೈಯಲ್ಲಿ ಜೋಳದ ರೊಟ್ಟಿ, ಇನ್ನೊಂದು ಲ್ಯಾಪ್‌ಟಾಪ್ ಮೇಲೆ. ಪರದೆಯಲ್ಲಿ ನಕ್ಷತ್ರವೇ ಇಲ್ಲ, ಬರೀ ಅಂಕುಡೊಂಕು ಗೆರೆ! ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಯಾವ ಬಣ್ಣ ಎಷ್ಟಿದೆ ಎಂದು ಗೆರೆ ಎಳೆದರೆ ಹಾಗೆ ಕಾಣುತ್ತಂತೆ. ಗೆರೆ ಎಲ್ಲಿ ತಗ್ಗಿದೆ ಎಂದು ನೋಡಿ ಆ ನಕ್ಷತ್ರದಲ್ಲಿರೋದು ಕಬ್ಬಿಣವೋ ಸೋಡಿಯಮ್ಮೋ ಹೇಳುತ್ತಾರೆ. ‘ಮಾಳಿಗಿ ಮ್ಯಾಲೆ ಬಾ, ಚುಕ್ಕಿ ತೋರಿಸು’ ಎಂದು ನಮ್ಮವ್ವ ಕರೆದರೆ, ‘ತಡಿ ಆಯಿ, ಪ್ರೋಗ್ರಾಂ ಓಡಾಕತ್ತೈತಿ’ ಅಂದಳು.