ಕೆಲಸದ ಗುಟ್ಟನ್ನು ಪಾಲುದಾರ ಕಂಪನಿಗೆ ಬಿಟ್ಟುಕೊಡಬೇಕಾ?

ಪರ: ಡ್ರಾಯಿಂಗ್ ಕೊಟ್ಟವರು ಕೆಡಲಿಲ್ಲ

1997ರ ಫೆಬ್ರುವರಿ 1, ಶನಿವಾರ ಬೆಳಗಿನ ಜಾವ. ಜಪಾನಿನ ಕಾರಿಯಾದಲ್ಲಿ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಅಲ್ಲಿ ತಯಾರಾಗುತ್ತಿದ್ದದ್ದು ಪಿ-ವಾಲ್ವ್. ಅಂಗೈಯಲ್ಲಿ ಕೂರುವಂಥ ಸಣ್ಣ ಭಾಗ. ಬ್ರೇಕ್ ಒತ್ತಿದಾಗ ಹಿಂದಿನ ಚಕ್ರಕ್ಕೆ ಎಷ್ಟು ಒತ್ತಡ ಹೋಗಬೇಕು ಎಂಬುದನ್ನು ಅದು ನೋಡಿಕೊಳ್ಳುತ್ತದೆ. ಇಲ್ಲದಿದ್ದರೆ ಗಾಡಿ ಜಾರುತ್ತದೆ. ಟೊಯೋಟಾಗೆ ಬೇಕಾದ ಪಿ-ವಾಲ್ವ್ ಹೆಚ್ಚುಕಡಿಮೆ ಎಲ್ಲವೂ ಇದೊಂದೇ ಕಂಪನಿಯಿಂದ ಬರುತ್ತಿತ್ತು. ಸ್ಟಾಕ್ ಪೇರಿಸಿಡುವ ಅಭ್ಯಾಸವೂ ಟೊಯೋಟಾಗೆ ಇರಲಿಲ್ಲ. ಕೆಲವೇ ದಿನಗಳಲ್ಲಿ ಜಪಾನಿನಲ್ಲಿ ಅದರ ಕಾರು ಜೋಡಿಸುವ ಲೈನ್‌ಗಳು ಬಹುತೇಕ ನಿಂತುಹೋದವು.

ಐಸಿನ್ ಏನು ಮಾಡಿತು ಗೊತ್ತಾ? ತನ್ನ ಡ್ರಾಯಿಂಗ್‌ಗಳನ್ನು ಬೇರೆ ಕಂಪನಿಗಳಿಗೆ ಕೊಟ್ಟುಬಿಟ್ಟಿತು. ಸಿಕ್ಕ ಮಷಿನ್‌ನಲ್ಲೇ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ವಾಲ್ವ್ ಮಾಡಲು ಕೂತರು. ಹೊಲಿಗೆ ಯಂತ್ರ ಮಾಡುವ ಬ್ರದರ್ ಕಂಪನಿ ಕೂಡ ಕೈ ಹಾಕಿತು. ರೇಟ್ ಎಷ್ಟು, ಹಕ್ಕು ಯಾರದು ಎಂಬ ಜಗ್ಗಾಟ ಆಗ ಬರಲಿಲ್ಲ. ಒಬ್ಬರಿಗೆ ಹೊಳೆದ ಉಪಾಯ ಇನ್ನೊಬ್ಬರಿಗೆ ಅಂದೇ ಮುಟ್ಟುತ್ತಿತ್ತು. ಸುಮಾರು ಒಂದು ವಾರದಲ್ಲಿ ಕಾರುಗಳು ಮತ್ತೆ ಲೈನ್ ಮೇಲೆ ಓಡತೊಡಗಿದವು.

ಇದು ಒಂದೇ ರಾತ್ರಿಯಲ್ಲಿ ಹುಟ್ಟಿದ ಒಗ್ಗಟ್ಟಲ್ಲ. ಟೊಯೋಟಾಗೆ ಭಾಗ ಕೊಡುವವರದ್ದೇ ಒಂದು ಸಂಘವಿದೆ, ಹೆಸರು ಕ್ಯೋಹೋಕಾಯ್. ಜಿಶುಕೆನ್ ಎಂಬ ಸಣ್ಣ ಗುಂಪುಗಳೂ ಇವೆ. ನಾಲ್ಕಾರು ಕಂಪನಿಯವರು ಸೇರಿ ಒಬ್ಬರ ಶಾಪ್ ಫ್ಲೋರ್‌ನಲ್ಲಿ ನಿಂತು ಎಲ್ಲಿ ಕೆಲಸ ಸುಮ್ನೆ ನಷ್ಟವಾಗುತ್ತಿದೆ ಎಂದು ಹುಡುಕುತ್ತಾರೆ. ಮುಂದಿನ ಸರದಿ ಇನ್ನೊಬ್ಬರದು.

ನಾನು ಬೆಂಗಳೂರಿನಲ್ಲಿ ವರ್ಷಗಟ್ಟಲೆ ವೆಂಡರ್ ಕ್ವಾಲಿಟಿ, ಅಂದರೆ ಭಾಗ ಮಾಡಿಕೊಡುವ ಕಂಪನಿಗಳ ಕೆಲಸದ ಗುಣಮಟ್ಟ, ನೋಡಿಕೊಂಡವನು. ಎಷ್ಟೋ ಕಡೆ ಕಂಡದ್ದು ಒಂದೇ ಕಥೆ. ಇಬ್ಬರು ವೆಂಡರ್‌ಗಳು ಒಂದೇ ತೊಂದರೆಯೊಂದಿಗೆ ಒದ್ದಾಡುತ್ತಿರುತ್ತಾರೆ, ಅರ್ಧ ಉತ್ತರ ಇವನ ಹತ್ತಿರ, ಇನ್ನರ್ಧ ಅವನ ಹತ್ತಿರ. ನಡುವೆ ಒಂದು ಕಾಂಪೌಂಡ್ ಗೋಡೆ.

ಗುಟ್ಟು ಹೇಳಿದರೆ ಕದ್ದುಬಿಡುತ್ತಾರೆ ಎಂಬ ಭಯಕ್ಕೆ ಅಮೆರಿಕದ ಫ್ರೀಮಾಂಟ್ ನೋಡಬೇಕು. 1984ರಲ್ಲಿ ಟೊಯೋಟಾ ಮತ್ತು ಜನರಲ್ ಮೋಟಾರ್ಸ್ ಸೇರಿ ಅಲ್ಲಿ ನುಮ್ಮಿ ಎಂಬ ಕಾರ್ಖಾನೆ ನಡೆಸತೊಡಗಿದವು. ತಾನು ಕೆಲಸ ಮಾಡುವ ರೀತಿಯನ್ನು ಟೊಯೋಟಾ ಎದುರಾಳಿಯ ಕಣ್ಣ ಮುಂದೆಯೇ ಹರಡಿತು. ಆದರೂ ಅದನ್ನು ತನ್ನ ಉಳಿದ ಕಾರ್ಖಾನೆಗಳಿಗೆ ಒಯ್ಯಲು ಜನರಲ್ ಮೋಟಾರ್ಸ್ ವರ್ಷಗಳ ಕಾಲ ತಿಣುಕಾಡಿತು. ಅಮೆರಿಕದ ಕಾರ್ಮಿಕರ ಜೊತೆ ಹೇಗೆ ಕೆಲಸ ಮಾಡಬೇಕು ಎಂದು ಟೊಯೋಟಾ ಮಾತ್ರ ಬೇಗ ಕಲಿತುಕೊಂಡಿತು. ವಿದ್ಯೆ ಕಾಗದದಲ್ಲಿ ಸ್ವಲ್ಪ, ಕೈಯಲ್ಲಿ ಜಾಸ್ತಿ. ಕಾಗದ ಕೊಟ್ಟ ಮಾತ್ರಕ್ಕೆ ಕೈ ಹೋಗಲ್ಲ.

ಕಲಿಯುವ ಹಸಿವಿದ್ದರೆ ಸಣ್ಣವರಿಗೂ ದಕ್ಕುತ್ತದೆ. ಜೊತೆಯಾಗಿ ಬೈಕ್ ಮಾಡುತ್ತಿದ್ದ ಟಿವಿಎಸ್ ಮತ್ತು ಸುಜುಕಿ 2001ರಲ್ಲಿ ಬೇರೆಯಾದವು. ಅದೇ ವರ್ಷ ಟಿವಿಎಸ್ ತನ್ನದೇ ವಿನ್ಯಾಸದ ವಿಕ್ಟರ್ ಬೈಕನ್ನು ರಸ್ತೆಗಿಳಿಸಿತು. ಮರುವರ್ಷ ಗುಣಮಟ್ಟಕ್ಕೆ ಜಪಾನಿನವರೇ ಕೊಡುವ ಡೆಮಿಂಗ್ ಪ್ರಶಸ್ತಿ ಪಡೆಯಿತು. ಜೊತೆಯಲ್ಲಿದ್ದ ಅಷ್ಟು ವರ್ಷ ಕಣ್ಣು ತೆರೆದುಕೊಂಡಿದ್ದರು, ಅಷ್ಟೇ.

ವಿರೋಧ: ಬೆಂಕಿ ಬಿದ್ದಾಗ ಎಲ್ಲರೂ ನೆಂಟರೇ

ಐಸಿನ್ ಕಥೆ ನನಗೂ ಇಷ್ಟ. ಆದರೆ ಬೆಂಕಿ ಆರಿದ ಮೇಲೆ ಆರ್ಡರ್ ಮತ್ತೆ ಐಸಿನ್‌ಗೇ ಬಂತು. ಆ ಭರವಸೆ ಇದ್ದದ್ದಕ್ಕೇ ಅವರು ಡ್ರಾಯಿಂಗ್ ಕೊಟ್ಟರು. ಬೆಂಗಳೂರಿನ ಪೀಣ್ಯದಲ್ಲಿ ಆರು ಮಷಿನ್ ಇಟ್ಟುಕೊಂಡು ಭಾಗ ಮಾಡಿಕೊಡುವ ನನಗೆ ಆ ಭರವಸೆ ಯಾರು ಕೊಡುತ್ತಾರೆ?

ಒಂದು ಅಲ್ಯೂಮಿನಿಯಂ ಹೌಸಿಂಗ್, ಅಂದರೆ ಒಳಗಿನ ಭಾಗಗಳನ್ನು ಹಿಡಿದಿಡುವ ಹೊರಕವಚ, ಮಾಡುತ್ತಿದ್ದೆವು. ಗೋಡೆ ತೆಳು. ಸುತ್ತಲಿಂದ ಬಿಗಿದು ಹಿಡಿದರೆ ಬೋರ್, ಅಂದರೆ ಒಳಗೆ ಕೊರೆದ ತೂತು, ಗುಂಡಗೆ ಬರುತ್ತಿತ್ತು, ಬಿಚ್ಚಿದ ಕೂಡಲೇ ಮೊಟ್ಟೆಯ ಆಕಾರಕ್ಕೆ ತಿರುಗುತ್ತಿತ್ತು. ನೂರಕ್ಕೆ ಹನ್ನೆರಡು ರಿಜೆಕ್ಟ್. ನಮ್ಮ ಫೋರ್‌ಮನ್ ಎರಡು ತಿಂಗಳು ತಲೆ ಕೆಡಿಸಿಕೊಂಡು, ಸುತ್ತಲಿಂದ ಹಿಡಿಯದೆ ಮೇಲಿನಿಂದ ಅದುಮಿ ಹಿಡಿಯುವ ಫಿಕ್ಸ್ಚರ್ ಮಾಡಿದರು. ರಿಜೆಕ್ಷನ್ ನೂರಕ್ಕೆ ಒಂದಕ್ಕಿಳಿಯಿತು. ಕಸ್ಟಮರ್ ಕಡೆಯ ಇಂಜಿನಿಯರ್ ಬಂದರು. ‘ತುಂಬಾ ಚೆನ್ನಾಗಿದೆ ಸರ್, ನಾವು ಪಾರ್ಟ್‌ನರ್ಸ್ ಅಲ್ವಾ’ ಎಂದು ಫೋಟೋ ತೆಗೆದುಕೊಂಡರು. ನಾನೇ ಲೈಟ್ ಹಾಕಿಸಿಕೊಟ್ಟೆ!

ಎಂಟು ತಿಂಗಳ ನಂತರ ವೆಂಡರ್ ಮೀಟಿಂಗ್. ಪರದೆ ಮೇಲೆ ಅದೇ ಫಿಕ್ಸ್ಚರ್. ಹಿಂದೆ ನಮ್ಮ ಮಷಿನ್‌ಗೆ ಆಯುಧಪೂಜೆಯಲ್ಲಿ ಹಚ್ಚಿದ ಕುಂಕುಮವೂ ಕಾಣುತ್ತಿತ್ತು. ನಮ್ಮ ಹೆಸರು ಮಾತ್ರ ಇರಲಿಲ್ಲ. ಅದರ ಮುಂದಿನ ತಿಂಗಳೇ ನಮ್ಮ ಅರ್ಧ ಆರ್ಡರ್ ಇನ್ನೊಬ್ಬರಿಗೆ ಹೋಯಿತು. ಕಾರಣ ಕೇಳಿದರೆ, ‘ಅವರು ಪೀಸಿಗೆ ಆರು ರೂಪಾಯಿ ಕಮ್ಮಿ ಹೇಳಿದ್ದಾರೆ’ ಎಂಬ ಉತ್ತರ. ಕಮ್ಮಿ ಹೇಳದೆ ಇನ್ನೇನು? ಆ ಎರಡು ತಿಂಗಳ ಸಂಬಳ ಕೊಟ್ಟದ್ದು ನಾನು.

ಇನ್ನು ಓಪನ್ ಕಾಸ್ಟಿಂಗ್. ಮೆಟೀರಿಯಲ್ ಎಷ್ಟು, ಒಂದು ಪೀಸಿಗೆ ಹಿಡಿಯುವ ಸೈಕಲ್ ಟೈಮ್ ಎಷ್ಟು, ಕರೆಂಟ್ ಎಷ್ಟು, ಎಲ್ಲ ಕಸ್ಟಮರ್ ಕಂಪನಿಗೆ ಬರೆದುಕೊಡಬೇಕು. ನನಗೆ ಉಳಿಯುವುದೆಷ್ಟು ಎಂಬುದು ನನ್ನ ಹೆಂಡತಿಗಿಂತ ಅವರ ಪರ್ಚೇಸ್ ಮ್ಯಾನೇಜರ್‌ಗೆ ಚೆನ್ನಾಗಿ ಗೊತ್ತು. ವರ್ಷ ವರ್ಷ ರೇಟ್ ಇಳಿಸಿ ಎನ್ನುತ್ತಾರೆ. ಅವರು ತಮ್ಮ ಗಾಡಿಯ ಮೇಲೆ ಎಷ್ಟು ಇಟ್ಟುಕೊಳ್ಳುತ್ತಾರೆ ಎಂಬ ಹಾಳೆಯನ್ನು ನಾನಂತೂ ನೋಡಿಲ್ಲ.

ದೊಡ್ಡವರ ಕಥೆಯೂ ಇಷ್ಟೇ. 1984ರಲ್ಲಿ ಹೀರೋ ಮತ್ತು ಹೋಂಡಾ ಕೈ ಜೋಡಿಸಿದವು. ನಮ್ಮ ರಸ್ತೆ, ನಮ್ಮ ಡೀಲರ್, ಹಳ್ಳಿಯ ಗಿರಾಕಿ, ಇದು ಹೀರೋ ತಂದ ವಿದ್ಯೆ. ಇಂಜಿನ್ ಹೋಂಡಾದ ವಿದ್ಯೆ. 1999ರಲ್ಲಿ ಹೋಂಡಾ ಇದೇ ದೇಶದಲ್ಲಿ ತನ್ನದೇ ಕಂಪನಿ ತೆಗೆಯಿತು, 2001ರಲ್ಲಿ ಆಕ್ಟಿವಾ ತಂದಿತು. 2010ರ ಡಿಸೆಂಬರ್‌ನಲ್ಲಿ ಇಬ್ಬರೂ ಬೇರೆಯಾಗುವುದಾಗಿ ಹೇಳಿದರು. ಅಷ್ಟು ಹೊತ್ತಿಗೆ ನಮ್ಮ ಮಾರುಕಟ್ಟೆ ಹೋಂಡಾಗೆ ಅಂಗೈರೇಖೆಯಷ್ಟು ಪರಿಚಿತ. ಇಂಜಿನ್ ವಿಷಯದಲ್ಲಿ ಹೀರೋ ಇನ್ನೂ ಕೆಲವು ವರ್ಷ ಹೋಂಡಾದ ಲೈಸೆನ್ಸ್‌ನಲ್ಲೇ ನಡೆಯಬೇಕಾಯಿತು. ಹೀರೋಗೆ ಒಳ್ಳೆಯ ದುಡ್ಡು ಬಂತು, ಅಲ್ಲ ಎನ್ನುವುದಿಲ್ಲ. ಆದರೆ ಹಂಚಿಕೆ ಸಮನಾಗಿತ್ತಾ?

ವಿದ್ಯೆ ಕೈಯಲ್ಲಿದೆ, ಕಾಗದ ಹೋದರೂ ಕೈ ಹೋಗಲ್ಲ ಎಂದರು ಮೇಲೆ ಬರೆದವರು. ಪೀಣ್ಯದಲ್ಲಿ ಮೂರು ಸಾವಿರ ರೂಪಾಯಿ ಸಂಬಳ ಜಾಸ್ತಿ ಕೊಟ್ಟರೆ ಕೈಯೂ ಪಕ್ಕದ ಶೆಡ್ಡಿಗೆ ಹೋಗುತ್ತದೆ. ಗುಟ್ಟು ಬಿಡುವುದಿಲ್ಲ ಎಂದು ಸಹಿ ಹಾಕಿಸಿಕೊಳ್ಳಿ ಎನ್ನುತ್ತಾರೆ. ಹಾಕಿಸಿಕೊಂಡಿದ್ದೆ. ಆ ಕಾಗದ ಹಿಡಿದು ನನಗೆ ಅನ್ನ ಹಾಕುವ ಕಸ್ಟಮರ್ ಮೇಲೆ ಕೇಸ್ ಹಾಕಲಾ?

ಈಗಲೂ ಆಡಿಟ್‌ಗೆ ಜನ ಬರುತ್ತಾರೆ. ಕಾಫಿ ಕೊಡುತ್ತೇವೆ, ರಿಪೋರ್ಟ್ ಕೊಡುತ್ತೇವೆ, ಮಷಿನ್ ಓಡಿಸಿ ತೋರಿಸುತ್ತೇವೆ. ಹೊಸದಾಗಿ ಮಾಡಿದ ಫಿಕ್ಸ್ಚರ್ ಮೇಲೆ ಮಾತ್ರ ಅವತ್ತು ಒಂದು ಗೋಣಿಚೀಲ ಬಿದ್ದಿರುತ್ತದೆ.