ಪೂಲ್ ಟೇಬಲ್ ಬಿಚ್ಚದೆ ಎತ್ತಬೇಡಿ, ದಯವಿಟ್ಟು

ಬೆಳಿಗ್ಗೆ ಯಾರೋ ಒಂದು ವಿಡಿಯೊ ಕಳಿಸಿದ್ದರು. ಏಳೆಂಟು ಜನ ಸೇರಿ ಎಂಟಡಿಯ ಪೂಲ್ ಟೇಬಲ್ಲನ್ನು ಇದ್ದ ಹಾಗೇ ಎತ್ತಿ, ಗೇಟಿನಲ್ಲಿ ಓರೆ ಮಾಡಿ, ಗೂಡ್ಸ್ ಗಾಡಿಗೆ ತುಂಬುತ್ತಿದ್ದಾರೆ. ಒಂದು ಮೂಲೆ ಗಾಡಿಯ ಅಂಚಿಗೆ ಬಡಿದಾಗ ಟೇಬಲ್ ಒಳಗಿಂದ 'ಟಕ್' ಅಂತ ಸದ್ದು ಬರುತ್ತದೆ. ಯಾರೂ ತಿರುಗಿಯೂ ನೋಡುವುದಿಲ್ಲ. ಅದು ಏನಿರಬಹುದು ಅಂತ ಗೊತ್ತಿದ್ದವರಿಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಒಳಗೆ ಸ್ಕ್ರೂ ಕಿತ್ತು ಬಂದಿರಬೇಕು, ಇಲ್ಲವೇ ಬಟ್ಟೆಯಡಿಯ ಸ್ಲೇಟ್ ಕಲ್ಲೇ ಸೀಳಿರಬೇಕು. ಕೆಳಗೆ ಕಾಮೆಂಟ್‌ಗಳಲ್ಲಿ ಮಾತ್ರ 'ಸೂಪರ್ ಟೀಮ್‌ವರ್ಕ್'.

ಕೋಪ ಬಂದಿದೆ, ಹಾಗಾಗಿ ಉದ್ದಕ್ಕೇ ಬರೆಯುತ್ತೇನೆ. ಸೆಕೆಂಡ್ ಹ್ಯಾಂಡ್ ಟೇಬಲ್ ಮನೆಗೆ ತರುವ ಆಲೋಚನೆ ಇರುವವರು ಪೂರ್ತಿ ಓದಿ.

ಬಟ್ಟೆಯ ಕೆಳಗೆ ಏನಿದೆ ಅನ್ನುವುದನ್ನು ಮೊದಲು ತಿಳಿಯಬೇಕು. ಒಳ್ಳೆಯ ಟೇಬಲ್ಲಿನಲ್ಲಿ ಇರುವುದು ಮೂರು ಸ್ಲೇಟ್ ಚಪ್ಪಡಿ. ಎಂಟಡಿ ಟೇಬಲ್ಲಿನ ಆಡುವ ಜಾಗ 88 ಇಂಚು ಉದ್ದ, 44 ಇಂಚು ಅಗಲ. ರೇಲ್ ಅಂದರೆ ಸುತ್ತಲಿನ ಅಂಚುಪಟ್ಟಿ, ಅದರ ಅಡಿಗೆ ಹೋಗುವ ಭಾಗ ಸೇರಿದರೆ ಸ್ಲೇಟ್ ಇನ್ನೂ ದೊಡ್ಡದು. ಒಂದು ಇಂಚು ದಪ್ಪದ್ದಾದರೆ ಮೂರೂ ಸೇರಿ 200 ಕೆ.ಜಿ. ಆಸುಪಾಸು, ಅಂದರೆ ಒಂದೊಂದು ಚಪ್ಪಡಿ 65ರಿಂದ 70 ಕೆ.ಜಿ. ಚೌಕಟ್ಟು, ಕಾಲು, ರೇಲ್ ಎಲ್ಲ ಸೇರಿ 350–400 ಕೆ.ಜಿ. ಆಗುತ್ತದೆ. ಈ ಮೂರನ್ನೂ ಚೌಕಟ್ಟಿಗೆ ಸ್ಕ್ರೂ ಹಾಕಿ ಕೂರಿಸಿ, ನಡುವಿನ ಎರಡು ಸಂದುಗಳನ್ನು ಜೇನುಮೇಣದಿಂದಲೋ ಕಾರಿನ ಬಾಡಿಗೆ ಹಚ್ಚುವ ಪುಟ್ಟಿಯಿಂದಲೋ ತುಂಬಿ ಒಂದೇ ಹಾಸಾಗಿ ಮಾಡಿರುತ್ತಾರೆ. ಸ್ಲೇಟ್ ಮೇಲಿನ ಭಾರ ಚೆನ್ನಾಗಿ ತಡೆಯುತ್ತದೆ, ಆದರೆ ಬಾಗುವುದಿಲ್ಲ, ತಿರುಚಿಕೊಳ್ಳುವುದಿಲ್ಲ. ಟೇಬಲ್ಲಿನ ಒಂದು ಮೂಲೆ ಮಾತ್ರ ಮೇಲೆದ್ದರೆ ಮರದ ಚೌಕಟ್ಟು ತಿರುಚುತ್ತದೆ, ಸ್ಲೇಟ್ ತಿರುಚಲೊಲ್ಲದು. ಆ ಜಗ್ಗಾಟವೆಲ್ಲ ಸ್ಕ್ರೂ ತೂತುಗಳ ಸುತ್ತ ಬೀಳುತ್ತದೆ. ಬಿರುಕು ಅಲ್ಲಿಂದಲೇ ಶುರು. ಸಂದಿನ ಮೇಣ ಒಡೆಯುತ್ತದೆ. ಓರೆ ಮಾಡಿ ಇಳಿಸುವಾಗ ಪೂರ್ತಿ ಭಾರ ಎರಡೇ ಕಾಲಿನ ಮೇಲೆ ಅಡ್ಡಡ್ಡ ಬಿದ್ದು ಕಾಲಿನ ಬೋಲ್ಟ್ ಮರವನ್ನೇ ಸೀಳಿಕೊಂಡು ಬರುತ್ತದೆ.

'ಹೋದ ಸಲವೂ ಹೀಗೇ ತಂದಿದ್ದು, ಏನೂ ಆಗಲಿಲ್ಲ' ಅನ್ನುವವರು ಇದ್ದಾರೆ. ಆಗಿದೆ, ಅವರು ಪರೀಕ್ಷಿಸಿಲ್ಲ, ಅಷ್ಟೇ. ಸಂದಿನ ಮೇಲೆ ಚೆಂಡನ್ನು ಮೆಲ್ಲಗೆ, ನಿಲ್ಲುವಷ್ಟು ನಿಧಾನವಾಗಿ ಉರುಳಿಸಿ ನೋಡಲಿ. ಸಂದು ದಾಟುವಾಗ ಚೆಂಡು ಕುಪ್ಪಳಿಸುತ್ತದೆ, ಇಲ್ಲವೇ ಕೊನೆಯ ಒಂದಡಿಯಲ್ಲಿ ಪಕ್ಕಕ್ಕೆ ವಾಲುತ್ತದೆ. ಜೋರಾಗಿ ಹೊಡೆದ ಚೆಂಡಿನಲ್ಲಿ ದೋಷ ಕಾಣುವುದೇ ಇಲ್ಲ.

ಒಂದು ಮಾತು ಒಪ್ಪುತ್ತೇನೆ. ನಾಣ್ಯ ಹಾಕಿ ಆಡುವ ಏಳಡಿ ಟೇಬಲ್‌ಗಳಲ್ಲಿ ಒಂದೇ ಸ್ಲೇಟ್ ಇರುತ್ತದೆ. ಅವನ್ನು ಕಾಲು ಬಿಚ್ಚಿ, ಅಡ್ಡಲಾಗಿ ನಿಲ್ಲಿಸಿ, ಚಕ್ರದ ಗಾಡಿಯ ಮೇಲೆ ಇಡಿಯಾಗಿ ಸಾಗಿಸುವಂತೆಯೇ ಕಟ್ಟಿರುತ್ತಾರೆ. ಆದರೆ ನಮ್ಮಲ್ಲಿ ಪಾರ್ಲರ್ ಮುಚ್ಚಿದವರು, ಮನೆ ಬದಲಿಸುವವರು ಮಾರುವ ಎಂಟಡಿ, ಒಂಬತ್ತಡಿ ಟೇಬಲ್ಲುಗಳಲ್ಲಿ ಹೆಚ್ಚಿನವು ಮೂರು ತುಂಡಿನವು. ಅವಕ್ಕೆ ಈ ವಾದ ತರಬೇಡಿ.

ಕೊಳ್ಳುವಾಗಲೇ ಅರ್ಧ ಕೆಲಸ ಮುಗಿಯಬೇಕು. ಎಲ್ಲರೂ ಬಟ್ಟೆಯ ಬಣ್ಣ, ಕಾಲಿನ ಕೆತ್ತನೆ, ಪಾಲಿಶ್ ನೋಡುತ್ತಾರೆ. ಇವು ಮೂರೂ ಬದಲಾಯಿಸಬಹುದಾದವು. ಟಾರ್ಚ್ ಹಿಡಿದು ಟೇಬಲ್ಲಿನ ಅಡಿಗೆ ಹೋಗಿ. ಬೂದು-ಕಪ್ಪು ಬಣ್ಣದ ಕಲ್ಲು ಕಂಡರೆ ಸ್ಲೇಟ್. ಬೆಳ್ಳಗೆ, ಗೆರೆಗೆರೆಯಾಗಿ ಇದ್ದರೆ ಮಾರ್ಬಲ್. ನಮ್ಮ ದೇಶದಲ್ಲಿ ಕಟ್ಟಿದ ಟೇಬಲ್ಲುಗಳಲ್ಲಿ ಮಾರ್ಬಲ್ ಹಾಸು ಸಾಕಷ್ಟಿದೆ. ಸಮತಟ್ಟಾಗಿ ಉಜ್ಜಿದ್ದರೆ ಅದೂ ನಡೆಯುತ್ತದೆ, ಬೆಲೆ ಮಾತ್ರ ಸ್ಲೇಟಿನದ್ದು ಕೊಡಬೇಡಿ. ಕಂದು ಬಣ್ಣದ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ. ಎರಡು ಮಳೆಗಾಲ ಕಳೆದ ಎಂಡಿಎಫ್ ಬಾಗಿರುತ್ತದೆ, ಅದಕ್ಕೆ ರಿಪೇರಿ ಅನ್ನುವುದೇ ಇಲ್ಲ. ಅಡಿಯಲ್ಲಿರುವಾಗಲೇ ಸ್ಕ್ರೂಗಳ ಸುತ್ತ ಬಿರುಕು ಇದೆಯೇ, ಚೌಕಟ್ಟಿನ ಮೂಲೆಗಳಲ್ಲಿ ಗೆದ್ದಲಿನ ಮಣ್ಣು ಇದೆಯೇ ನೋಡಿ. ಮರಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗಬಾರದು.

ಆಮೇಲೆ ಕುಶನ್, ಅಂದರೆ ರೇಲ್‌ಗೆ ಅಂಟಿಸಿದ ರಬ್ಬರ್ ಅಂಚು. ಚೆಂಡನ್ನು ಉದ್ದಕ್ಕೆ ಜೋರಾಗಿ ಹೊಡೆದರೆ ಕನಿಷ್ಠ ನಾಲ್ಕು ಉದ್ದ ಓಡಬೇಕು. ಎರಡಕ್ಕೇ ನಿಂತರೆ ರಬ್ಬರ್ ಸತ್ತಿದೆ. ರೇಲ್‌ನ ಒಂದೊಂದು ಜಾಗದಲ್ಲಿ ಚೆಂಡು ತಟ್ಟಿ ಸದ್ದು ಕೇಳಿ. ಒಂದೇ ಕಡೆ ಮಂಕಾದ 'ದಬ್' ಬಂದರೆ ಅಲ್ಲಿ ಬೋಲ್ಟ್ ಸಡಿಲ, ಅದನ್ನು ಸ್ಪ್ಯಾನರ್‌ನಿಂದ ಬಿಗಿ ಮಾಡಿದರೆ ಸರಿಹೋಗಬಹುದು. ಉದ್ದಕ್ಕೂ ಹಾಗೇ ಬಂದರೆ ಆರೂ ರೇಲ್‌ಗಳ ರಬ್ಬರ್ ಹೊಸದು ಬೇಕು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಲು ಹೇಳಿ.

'ಫುಲ್ ರಿಸ್ಟೋರ್ ಮಾಡಿದ್ದೇವೆ ಸಾರ್' ಅಂದರೆ ಏನು ಮಾಡಿದ್ದೀರಿ ಅಂತ ಬಿಡಿಸಿ ಕೇಳಿ. ಬಹಳ ಸಲ ಉತ್ತರ ಹೊಸ ಬಟ್ಟೆ ಮತ್ತು ಪಾಲಿಶ್ ಅಷ್ಟೇ. ಏರುಪೇರಾದ ಸ್ಲೇಟಿನ ಮೇಲೆ ಹೊಸ ಬಟ್ಟೆ ಎಳೆದರೆ ದೋಷ ಮುಚ್ಚಿಹೋಗುತ್ತದೆ, ಟೇಬಲ್ ಸರಿಯಾಗುವುದಿಲ್ಲ.

ಮನೆಯಲ್ಲಿ ಜಾಗ ಅಳೆಯುವಾಗ ಟೇಬಲ್ ಅಳೆದರೆ ಸಾಲದು, ಕ್ಯೂ ಕೋಲಿನ 58 ಇಂಚನ್ನು ನಾಲ್ಕೂ ಕಡೆ ಕೂಡಿಸಿ. ಎಂಟಡಿ ಟೇಬಲ್ಲಿಗೆ 17 ಅಡಿ ಉದ್ದ, 13 ಅಡಿ 4 ಇಂಚು ಅಗಲದ ಕೋಣೆ ಬೇಕು. ಇಷ್ಟಿಲ್ಲದಿದ್ದರೆ ಏಳಡಿಯದ್ದು ನೋಡಿ. ಕ್ಲಬ್ಬುಗಳು ಮಾರುವ ಹಳೆಯ ಹನ್ನೆರಡಡಿ ಸ್ನೂಕರ್ ಟೇಬಲ್ಲಿನ ಆಸೆಯಂತೂ ಬೇಡ. ಅದರಲ್ಲಿ ಐದು ಸ್ಲೇಟ್, ಒಂದೊಂದೂ 150 ಕೆ.ಜಿ. ಮೀರುತ್ತದೆ, ಕೋಣೆ 22 ಅಡಿಗೆ 16 ಅಡಿ ಬೇಕು. ಭಾರದ ಬಗ್ಗೆ ಹೆದರುವವರಿಗೆ: ಮನೆಯ ಆರ್‌ಸಿಸಿ ಸ್ಲ್ಯಾಬನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆ.ಜಿ. ಲೆಕ್ಕದಲ್ಲಿ ಕಟ್ಟಿರುತ್ತಾರೆ. ಎಂಟಡಿ ಟೇಬಲ್ ತಾನು ನಿಂತ ಜಾಗದ ಮೇಲೆ ಚದರ ಮೀಟರಿಗೆ ಸರಾಸರಿ 120 ಕೆ.ಜಿ. ಹಾಕುತ್ತದೆ. ಹಳೆಯ ಮದ್ರಾಸ್ ಟೆರೇಸ್ (ಮರದ ತೊಲೆಯ ಮೇಲೆ ಇಟ್ಟಿಗೆ, ಗಾರೆ ಹಾಕಿದ) ಮನೆಯ ಮಹಡಿಯಾದರೆ ಇಂಜಿನಿಯರನ್ನು ಕೇಳದೆ ಇಡಬೇಡಿ. ಸ್ಲ್ಯಾಬಿಗಿಂತ ಮೊದಲು ಒಡೆಯುವುದು ಟೈಲ್ಸ್. ಒಂದೊಂದು ಕಾಲಿನ ಮೇಲೆ 100 ಕೆ.ಜಿ. ಬೀಳುತ್ತದೆ, ಟೈಲ್ಸ್ ಅಡಿಯಲ್ಲಿ ಪೊಳ್ಳಿದ್ದರೆ ಚಟ್ ಅನ್ನುತ್ತದೆ. ಕಾಲು ಬರುವ ಜಾಗದಲ್ಲಿ ನಾಣ್ಯದಿಂದ ತಟ್ಟಿ ಕೇಳಿ, ಆರು ಇಂಚು ಚೌಕದ 12 ಎಂ.ಎಂ. ಪ್ಲೈವುಡ್ ತುಂಡು ಅಡಿಗೆ ಕೊಡಿ.

ಬಿಚ್ಚುವ ಕೆಲಸ ಕಷ್ಟದ್ದಲ್ಲ, ಕ್ರಮ ತಪ್ಪಬಾರದು ಅಷ್ಟೇ. ಮೊದಲು ಪಾಕೆಟ್‌ಗಳ ಮೊಳೆ ಅಥವಾ ಸ್ಕ್ರೂ. ಆಮೇಲೆ ಅಡಿಯಿಂದ ರೇಲ್ ಬೋಲ್ಟ್‌ಗಳು, ರೇಲ್‌ಗೆ ಮೂರರಂತೆ ಸಾಮಾನ್ಯವಾಗಿ 18 ಇರುತ್ತವೆ. ರೇಲ್‌ಗಳನ್ನು ಎತ್ತಿದ ಮೇಲೆ ಬಟ್ಟೆಯ ಸ್ಟೇಪ್ಲರ್ ಪಿನ್ ಒಂದೊಂದಾಗಿ ಕೀಳಬೇಕು. ಅಂಟು ಹಾಕಿದ್ದರೆ ಅಂಚಿನಿಂದ ಮೆಲ್ಲಗೆ ಎಬ್ಬಿಸಿ. ಆಗ ಸ್ಲೇಟ್ ಕಾಣುತ್ತದೆ, ಸ್ಕ್ರೂಗಳು ಕಾಣುವುದಿಲ್ಲ, ಯಾಕೆಂದರೆ ಅವುಗಳ ತಲೆಯ ಮೇಲೂ ಪುಟ್ಟಿ ತುಂಬಿರುತ್ತದೆ. ಅದನ್ನು ಚುಚ್ಚಿ ತೆಗೆದು ಸ್ಕ್ರೂ ಬಿಚ್ಚಿ. ಸಂದಿನಲ್ಲಿ ಮೇಣವಿದ್ದರೆ ತೆಳು ಪುಟ್ಟಿ ಬ್ಲೇಡ್ ಓಡಿಸಿದರೆ ಬಿಡುತ್ತದೆ. ಗಟ್ಟಿ ಪುಟ್ಟಿಯಾದರೆ ಬ್ಲೇಡಿನಲ್ಲಿ ಪೂರ್ತಿ ಕೊಯ್ಯುವ ತನಕ ಚಪ್ಪಡಿ ಅಲುಗಿಸಬೇಡಿ. ಜಗ್ಗಿದರೆ ಅಂಚು ಚೂರಾಗಿ ಎದ್ದು ಬರುತ್ತದೆ, ಆ ಗುಂಡಿ ಸರಿಯಾಗಿ ಆಟವಾಡುವ ಜಾಗದ ನಡುವೆಯೇ ಇರುತ್ತದೆ. ಪ್ರತಿ ಚಪ್ಪಡಿಯ ಅಡಿಯಲ್ಲಿ ಮಾರ್ಕರ್ ಪೆನ್ನಿನಲ್ಲಿ 1, 2, 3 ಬರೆದು, ದಿಕ್ಕಿಗೆ ಬಾಣ ಹಾಕಿ. ಮೂರೂ ಒಟ್ಟಿಗೆ ಉಜ್ಜಿದ ಜೋಡಿ, ಅದಲುಬದಲಾದರೆ ಕೂರುವುದಿಲ್ಲ. ರೇಲ್‌ಗಳಿಗೂ ಹಾಗೇ ಗುರುತು.

ಚಪ್ಪಡಿಯನ್ನು ಮಲಗಿಸಿ ನಾಲ್ಕು ಮೂಲೆ ಹಿಡಿದು ಹೊರಬೇಡಿ. ಅಂಚಿನ ಮೇಲೆ ನಿಲ್ಲಿಸಿ, ಇಬ್ಬರು ಹಿಡಿದು ನಡೆಯಬೇಕು. ಗಾಡಿಯಲ್ಲೂ ಉದ್ದದ ಅಂಚಿನ ಮೇಲೆ, ಕೆಳಗೆ ಫೋಮ್ ಹಾಕಿ, ಗೋಡೆಗೆ ಪೂರ್ತಿ ತಾಗಿಸಿ, ಚಪ್ಪಡಿಗಳ ನಡುವೆ ಕಂಬಳಿ ಕೊಟ್ಟು, ಬೆಲ್ಟ್ ಬಿಗಿಯಬೇಕು. ಮಳೆ ಇದ್ದರೆ ಟಾರ್ಪಾಲ್ ಕಡ್ಡಾಯ. ಸ್ಲೇಟ್ ನೀರು ಕುಡಿಯದಿದ್ದರೂ ಅದರ ಬೆನ್ನಿಗೆ ಅಂಟಿಸಿದ ಮರದ ಪಟ್ಟಿ ಉಬ್ಬುತ್ತದೆ. ಆರು ಜನರ ಲಿಫ್ಟ್ 408 ಕೆ.ಜಿ., ಎಂಟು ಜನರದ್ದು 544 ಕೆ.ಜಿ. ಹೊರುತ್ತದೆ. ಒಂದು ಚಪ್ಪಡಿ, ಇಬ್ಬರು ಮನುಷ್ಯರು ನಿಶ್ಚಿಂತೆಯಿಂದ ಹೋಗಬಹುದು. ಇಡೀ ಟೇಬಲ್ ಮೆಟ್ಟಿಲಿನಲ್ಲಿ ಹೊರುವ ಸಾಹಸವೇ ಬೇಕಿಲ್ಲ.

ಈಗ ಅಸಲಿ ಕೆಲಸ. 'ಬಿಚ್ಚಿದರೆ ಮತ್ತೆ ಲೆವೆಲ್ ಸಿಗಲ್ಲ' ಅನ್ನುವುದು ಬಿಚ್ಚದೆ ಸಾಗಿಸುವವರ ದೊಡ್ಡ ವಾದ. ಜಾಗ ಬದಲಾದ ಮೇಲೆ ಲೆವೆಲ್ ಹೇಗೂ ಹೋಗಿರುತ್ತದೆ ಸ್ವಾಮಿ, ಹೊಸ ನೆಲ ಹಳೆಯ ನೆಲದಂತೆ ಇರುವುದಿಲ್ಲ! ಬಿಚ್ಚಿದ್ದರೆ ಸರಿಮಾಡಬಹುದು, ಬಿಚ್ಚದಿದ್ದರೆ ಕಾಲಿನ ಕೆಳಗೆ ರಟ್ಟು ತುರುಕುತ್ತಾ ಕೂರಬೇಕು.

ಮೊದಲು ಚೌಕಟ್ಟನ್ನು ಸಮ ಮಾಡಿ. ಆಮೇಲೆ ನಡುವಿನ ಚಪ್ಪಡಿ, ಕೊನೆಗೆ ಎರಡು ತುದಿಯವು. ಗಾರೆ ಕೆಲಸದ ಸ್ಪಿರಿಟ್ ಲೆವೆಲ್ ಇದಕ್ಕೆ ಸಾಲದು, ಅದು ಮೀಟರಿಗೆ ಅರ್ಧ ಮಿಲಿಮೀಟರ್ ತಪ್ಪನ್ನು ತೋರಿಸುವುದೇ ಕಷ್ಟ. ಲೇತ್ ಮೆಷಿನ್ ಕೂರಿಸಲು ಬಳಸುವ, ಮೀಟರಿಗೆ 0.02 ಎಂ.ಎಂ. ಹಿಡಿಯುವ ಲೆವೆಲ್ ಬೇಕು. ಪೀಣ್ಯದ ಕಡೆ ವರ್ಕ್‌ಶಾಪ್ ಇಟ್ಟ ಸ್ನೇಹಿತರಿದ್ದರೆ ಒಂದು ದಿನಕ್ಕೆ ಕೇಳಿ ತನ್ನಿ. ತಗ್ಗಾದ ಕಡೆ, ಸ್ಕ್ರೂ ಪಕ್ಕದಲ್ಲೇ, ಚಪ್ಪಡಿ ಮತ್ತು ಚೌಕಟ್ಟಿನ ನಡುವೆ ಬೆಣೆ. ಇಸ್ಪೀಟ್ ಎಲೆ ಇದಕ್ಕೆ ಒಳ್ಳೆಯ ಸಾಮಾನು, ಒಂದೆಲೆ ಸುಮಾರು 0.3 ಎಂ.ಎಂ. ದಪ್ಪ. ಸ್ಕ್ರೂ ಬಿಗಿಯುವಾಗ ಲೆವೆಲ್ ಅಲ್ಲೇ ಇಟ್ಟು ಗುಳ್ಳೆಯನ್ನು ನೋಡುತ್ತಿರಿ, ಅತಿಯಾಗಿ ಬಿಗಿದರೆ ಕಲ್ಲು ಕೆಳಗೆ ಎಳೆದುಕೊಳ್ಳುತ್ತದೆ. ಕೊನೆಗೆ ಸಂದಿನ ಮೇಲೆ ಉಗುರು ಅಡ್ಡ ಎಳೆಯಿರಿ. ಎಲ್ಲೂ ತಡೆಯಬಾರದು. ತಡೆಯುವ ಸಂದಿಗೆ ಪುಟ್ಟಿ ತುಂಬಿ ಉಜ್ಜಿದರೆ ಸರಿಹೋಯಿತು ಅಂದುಕೊಳ್ಳಬೇಡಿ, ಅದು ಇಳಿಜಾರು ಕಟ್ಟಿದ ಹಾಗೆ. ಮೇಣವೋ ಪುಟ್ಟಿಯೋ ಅಂದರೆ ನನ್ನ ಮತ ಮೇಣಕ್ಕೆ. 62 ಡಿಗ್ರಿ ಸುಮಾರಿಗೆ ಕರಗುತ್ತದೆ, ನಮ್ಮ ಮನೆಗಳ ಒಳಗೆ ಆ ಬಿಸಿ ಬರುವುದಿಲ್ಲ, ಮುಂದೆ ಬಿಚ್ಚುವವರಿಗೂ ಸುಲಭ. ತಗಡಿನ ಸೂರಿನಡಿ ಇಡುವುದಾದರೆ ಮಾತ್ರ ಪುಟ್ಟಿ.

ರಬ್ಬರ್ ಬದಲಿಸುವವರು ಅಳತೆ ನೋಡಿ ತನ್ನಿ. ಪೂಲ್‌ನ ಬಹುಪಾಲು ರೇಲ್‌ಗಳಿಗೆ ಕೆ-66 ಅನ್ನುವ ಆಕಾರದ್ದು, ಸ್ನೂಕರ್‌ಗೆ ಎಲ್-77. ಸಿಕ್ಕಿದ್ದನ್ನು ಅಂಟಿಸಿದರೆ ಕುಶನ್ ಮೂಗಿನ, ಅಂದರೆ ಚೆಂಡು ತಾಗುವ ಚೂಪು ಅಂಚಿನ, ಎತ್ತರ ಕೆಡುತ್ತದೆ. 57 ಎಂ.ಎಂ. ಪೂಲ್ ಚೆಂಡಿಗೆ ಮೂಗು ಹಾಸಿನಿಂದ 36 ಎಂ.ಎಂ. ಚಿಲ್ಲರೆ ಇರಬೇಕು. ತಗ್ಗಾದರೆ ಜೋರು ಹೊಡೆತಕ್ಕೆ ಚೆಂಡು ಹಾರುತ್ತದೆ, ಎತ್ತರವಾದರೆ ಚೆಂಡನ್ನು ಹಾಸಿನ ಮೇಲೆ ಒತ್ತಿ ವೇಗ ಕೊಲ್ಲುತ್ತದೆ. ಹಳೆಯ ಅಂಟನ್ನು ಮರ ಕಾಣುವ ತನಕ ಕೆರೆದು, ಎರಡೂ ಕಡೆ ರಬ್ಬರ್ ಅಂಟು ಹಚ್ಚಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಕೂರಿಸಿ. ಕೂರಿಸುವಾಗ ರಬ್ಬರನ್ನು ಎಳೆಯಲೇಬೇಡಿ. ಎಳೆದು ಅಂಟಿಸಿದ್ದು ತಿಂಗಳೊಪ್ಪತ್ತಿನಲ್ಲಿ ಕುಗ್ಗಿ ಪಾಕೆಟ್ ಬಾಯಲ್ಲಿ ಸಂದು ಬಿಡುತ್ತದೆ.

ಬಟ್ಟೆಯಲ್ಲಿ ಉಣ್ಣೆಯ ಪಾಲು ಕೇಳಿ ಕೊಳ್ಳಿ. ಬೆಲ್ಜಿಯಂನ ಸಿಮೋನಿಸ್ 860ರಲ್ಲಿ 90 ಭಾಗ ಉಣ್ಣೆ, 10 ಭಾಗ ನೈಲಾನ್, ಜುಂಗು (ಮೇಲೆ ಎದ್ದಿರುವ ನವಿರು ಎಳೆ) ಇಲ್ಲದ ನೇಯ್ಗೆ, ಚೆಂಡು ಬೇಗ ಓಡುತ್ತದೆ. ಮಂಗಳೂರು, ಕಾರವಾರದ ಕಡೆಯವರಿಗೆ ಇಂಥದ್ದೇ ಒಳ್ಳೆಯದು. ಜುಂಗಿನ ಬಟ್ಟೆ ಅಲ್ಲಿನ ತೇವ ಹೀರಿ ಚೆಂಡನ್ನು ಹಿಡಿದಿಡುತ್ತದೆ. ಹಾಸಿನದ್ದೂ ಆರು ರೇಲ್‌ಗಳದ್ದೂ ಒಂದೇ ತಾನಿನಿಂದ ಕತ್ತರಿಸಿ. ಎಳೆಯುವಾಗ ಒಂದು ತುದಿ ಪಿನ್ ಮಾಡಿ, ಎದುರು ತುದಿಯಿಂದ ಎಳೆದು, ಆಮೇಲೆ ಪಕ್ಕಗಳು, ಯಾವಾಗಲೂ ನಡುವಿನಿಂದ ಮೂಲೆಗೆ. ಚೆಂಡಿನ ಮುಂದೆ ಬಟ್ಟೆ ಅಲೆಯಾಗಿ ಏಳುತ್ತಿದ್ದರೆ ಎಳೆತ ಸಾಲದು, ಪಿನ್ ಬಿಚ್ಚಿ ಮತ್ತೆ ಎಳೆಯಿರಿ.

ಇದನ್ನೆಲ್ಲ ಮನೆಯ ಕಾರ್ಪೆಂಟರ್ ಮಾಡುತ್ತಾರೆ ಅಂದುಕೊಂಡಿದ್ದರೆ, ಪಾಲಿಶ್ ಮತ್ತು ಕಾಲಿನ ರಿಪೇರಿ ಅವರಿಗೆ ಕೊಡಿ, ಸ್ಲೇಟ್ ಮತ್ತು ಬಟ್ಟೆ ಕೊಡಬೇಡಿ. ಬಿಲಿಯರ್ಡ್ಸ್, ಸ್ನೂಕರ್ ವಿಶ್ವ ಚಾಂಪಿಯನ್ ಪಂಕಜ್ ಅಡ್ವಾಣಿ ಆಡಿ ಬೆಳೆದ ಊರು ಬೆಂಗಳೂರು, ಟೇಬಲ್ ಕಟ್ಟುವ ನುರಿತ ಕೈಗಳು ಇಲ್ಲಿವೆ. ಯಾವುದಾದರೂ ಹಳೆಯ ಕ್ಲಬ್ಬಿನ ಮಾರ್ಕರ್‌ನ (ಅಂಕ ಬರೆಯುವ, ಟೇಬಲ್ ನೋಡಿಕೊಳ್ಳುವ ಕೆಲಸಗಾರನ) ಹತ್ತಿರ ಹೋಗಿ ಕೇಳಿ, ಅವರ ಬಳಿ ಫಿಟ್ಟರ್‌ನ ನಂಬರ್ ಇರುತ್ತದೆ. ಆ ಕೆಲಸಗಾರರಿಗೆ ಸಿಗುವ ಗೌರವ ಬಹಳ ಕಡಿಮೆ, ಅದು ನನಗೆ ನಿಜಕ್ಕೂ ಬೇಸರದ ವಿಷಯ. ಕೇಳಿದಷ್ಟು ಕೂಲಿ ಕೊಡಿ, ಚೌಕಾಸಿಯನ್ನು ಮಾರುವವರ ಹತ್ತಿರ ಮಾಡಿ.

ಪ್ಯಾಕರ್ಸ್ ಅಂಡ್ ಮೂವರ್ಸ್‌ಗೆ ಫೋನ್ ಮಾಡಿದರೆ ಕೇಳಬೇಕಾದ ಪ್ರಶ್ನೆ ಒಂದೇ: ಸ್ಲೇಟ್ ಬಿಚ್ಚುತ್ತೀರಾ? 'ಬೇಕಾಗಿಲ್ಲ ಸಾರ್, ನಮ್ಮ ಹುಡುಗರು ಎತ್ತುತ್ತಾರೆ' ಅಂದರೆ ಫೋನ್ ಇಟ್ಟುಬಿಡಿ. ಕೂರಿಸಿ ಮೂರ್ನಾಲ್ಕು ವಾರ ಕಳೆದ ಮೇಲೆ ಲೆವೆಲ್ ಇನ್ನೊಮ್ಮೆ ನೋಡಿ, ಅಷ್ಟರಲ್ಲಿ ಮರ ಮತ್ತು ನೆಲದ ಪ್ಲೈವುಡ್ ತುಂಡು ಸ್ವಲ್ಪ ಕುಸಿದಿರುತ್ತವೆ.